ಐದು ತೂತಿನ ಹಾರ್ಮೋನಿಯಂ

ನನ್ನ ತಂಗಿಗೆ ತಲೆ ಸರಿ ಇಲ್ಲ ಎಂದು ನಾನು ಯಾರ ಹತ್ತಿರವೂ ಹೇಳಿದವಳಲ್ಲ. ಹಾಗೆ ಹೇಳಿದವರೊಡನೆ ಜಗಳಕ್ಕೆ ಹೋದವಳೂ ಅಲ್ಲ. ಅವರಿಗೂ ಎರಡು ಕಣ್ಣುಂಟು, ಕಂಡದ್ದನ್ನು ಹೇಳುತ್ತಾರೆ. ನಾನಂತೂ ಅವಳನ್ನು ಅರವತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಅವಳು ಹುಟ್ಟುವಾಗ ನನಗೆ ಐದು ವರ್ಷ. ತೊಟ್ಟಿಲಲ್ಲಿ ಮಲಗಿ ಬಟ್ಟೆಯ ಅಂಚು ಹಿಡಿದು ಎಳೆದೆಳೆದು ನೋಡುತ್ತಿದ್ದಳು, ಹೊಲಿಗೆ ಗಟ್ಟಿ ಉಂಟಾ ಎಂದು ಪರೀಕ್ಷೆ ಮಾಡುವವಳ ಹಾಗೆ!

ಈಗ ಅವಳು ಪುತ್ತೂರಿನ ದರ್ಬೆಯಲ್ಲಿ ಟೈಲರ್. ರಸ್ತೆ ಬದಿಗೆ ಅಂಗಡಿ, ಹಿಂದೆ ಒಂದು ಕೋಣೆ, ಅದೇ ಮನೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, ನೋಡಲು ಬಂದ ಮೂರು ಗಂಡುಗಳಲ್ಲಿ ಒಬ್ಬನ ಶರ್ಟಿನ ಕಾಲರೂ ನೆಟ್ಟಗೆ ಕೂತಿರಲಿಲ್ಲ ಎನ್ನುತ್ತಾಳೆ. ಇದಕ್ಕೆ ಏನು ಹೇಳುವುದು? ನಮ್ಮ ಅಪ್ಪನೂ ಏನೂ ಹೇಳಲಿಲ್ಲ. ಅವರ ಅಂಗಿಯ ಕಾಲರಿನ ಬಗ್ಗೆ ಅವಳ ಅಭಿಪ್ರಾಯ ಅವರಿಗೆ ಮೊದಲೇ ಗೊತ್ತಿತ್ತು.

ಅವಳಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ಅಳತೆ ನೆನಪಿರುತ್ತದೆ. ನನ್ನ ಸೊಸೆಯ ಅಮ್ಮ ಒಂದು ಮದುವೆಯಲ್ಲಿ ಸಿಕ್ಕಿ ಪ್ರೀತಿಯಿಂದ ಕೈ ಹಿಡಿದು ಮಾತಾಡಿಸಿದರೆ, ಇವಳು ಅವರನ್ನು ಮೇಲಿಂದ ಕೆಳಗೆ ನೋಡಿ, ಬಲತೋಳು ಎಡತೋಳಿಗಿಂತ ದಪ್ಪ ಅಲ್ವಾ ಎಂದು ಗುರುತು ಹಿಡಿದಳು. ಅವರು ಆಮೇಲೆ ನಮ್ಮ ಮನೆಗೆ ಬರುವಾಗಲೆಲ್ಲ ಸೆರಗು ಹೊದ್ದೇ ಬರುತ್ತಾರೆ. ನನ್ನ ಎಡ ಹೆಗಲು ಬಲದ್ದಕ್ಕಿಂತ ಅರ್ಧ ಇಂಚು ಕೆಳಗೆ ಉಂಟಂತೆ. ಗಂಡನ ಮನೆಯಲ್ಲಿ ಇಷ್ಟು ವರ್ಷ ಬದುಕಿದೆ, ಅಲ್ಲಿ ಒಬ್ಬರೂ ಅದನ್ನು ಕಂಡುಹಿಡಿದಿರಲಿಲ್ಲ. ಹಾಗಾದರೆ ಸ್ವಲ್ಪ ನೇರ ಕಾಣುವ ಹಾಗೆ ರವಿಕೆ ಹೊಲಿ ಎಂದೆ.

“ಮೈ ಯಾರದ್ದೂ ಸ್ಕೇಲ್ ಇಟ್ಟು ಎಳೆದ ಹಾಗೆ ಇರುದಿಲ್ಲ ಅಕ್ಕ,” ಎಂದಳು. “ಮೈಯನ್ನು ನೇರ ಮಾಡ್ಲಿಕ್ಕೆ ಆಗುದಿಲ್ಲ. ಬಟ್ಟೆಯನ್ನೇ ವಾರೆ ಕತ್ತರಿಸಬೇಕು.”

(ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ಸುಳ್ಯದ ಆಚೆಯವರಿಗೆ ಕಷ್ಟ. ಆದ್ದರಿಂದ ಪೇಟೆಯಲ್ಲಿ ಆಡುವ ಕನ್ನಡದಲ್ಲಿ ಬರೆದಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇಷ್ಟು ಉಪಕಾರ ಮಾಡಿದ್ದೇ ಹೆಚ್ಚು.)

ಇಂಥವಳು ಹೊಲಿಗೆ ಬಿಟ್ಟು ವೈರಿನ ಹಿಂದೆ ಹೋದ ಕಥೆ ಹೇಳುತ್ತೇನೆ.

ನಾವು ಹುಟ್ಟಿದ ಊರು ಇಚಿಲಂಪಾಡಿ. ಅಲ್ಲಿಯ ಭಜನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಅರ್ಧ ಏಕಾಹ ಭಜನೆ ನಡೆಯುತ್ತದೆ. ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಶುರು ಮಾಡಿದರೆ ಮುಳುಗುವ ತನಕ ನಿಲ್ಲಿಸುವ ಹಾಗಿಲ್ಲ. ತಂಡಕ್ಕೊಂದು ಗಂಟೆ. ಒಂದು ತಂಡ ಏಳುವಾಗ ಇನ್ನೊಂದು ಕೂತಾಗಿರಬೇಕು, ನಡುವೆ ಸದ್ದು ಕಡಿಯಬಾರದು. ಅದರಲ್ಲಿ ಹನ್ನೊಂದರಿಂದ ಹನ್ನೆರಡರ ತನಕ ನಮ್ಮ ತಂಡ, ಅಂದರೆ ಊರಿನಿಂದ ಹೊರಗೆ ಹೋದ ಹೆಣ್ಣುಮಕ್ಕಳದ್ದು. ಸುಳ್ಯದ ಹತ್ತಿರದ ಆಲೆಟ್ಟಿಗೆ ಮದುವೆಯಾಗಿ ಹೋದ ನಾನು, ಕಡಬ, ಸುಳ್ಯ, ಪುತ್ತೂರಿನ ಕಡೆಗೆ ಹೋದ ಇನ್ನೊಂದು ಹತ್ತು ಜನ, ಮದುವೆಯೇ ಆಗದೆ ಹೋದ ಇವಳು. ಅರವತ್ತು ದಾಟದವರು ನಮ್ಮಲ್ಲಿ ಇಬ್ಬರೇ. ಅವರನ್ನು ನಾವು ಮಕ್ಕಳು ಎನ್ನುತ್ತೇವೆ.

ತಂಡಕ್ಕೆ ಯಜಮಾನ್ತಿ ನಮ್ಮ ದೊಡ್ಡಪ್ಪನ ಮಗಳು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುವುದು. ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗಲೂ ದೇವರ ಮುಖ ನೋಡುವ ಮೊದಲು ನಾವು ಸಾಲಾಗಿ ಕೂತಿದ್ದೇವಾ ಎಂದು ನೋಡುತ್ತಾಳೆ. ತಂಗಿ ಹಾರ್ಮೋನಿಯಂ ನುಡಿಸುತ್ತಾ ಮೊದಲ ಸಾಲು ಹೇಳಿಕೊಡುವುದು, ಉಳಿದವರು ಅದನ್ನು ತಿರುಗಿ ಹೇಳುವುದು, ನಾನು ತಾಳ ಹಾಕುವುದು. ಮೂವತ್ತು ವರ್ಷದಿಂದ ಹೀಗೇ. ಮೂವತ್ತು ವರ್ಷದಿಂದ ದೊಡ್ಡಕ್ಕ ಭಜನೆ ಮುಗಿದ ಮೇಲೆ ನನಗೆ ಹೇಳುವ ಮಾತೂ ಒಂದೇ, ನಿನ್ನ ತಾಳ ಸಾಲಿನ ಕೊನೆಗೆ ತಡ ಆಗ್ತದೆ. ನಾನು ಕೊಡುವ ಉತ್ತರವೂ ಒಂದೇ, ನಿನಗೆ ಊಟದ ಅವಸರ.

ಈ ಸಲ ಭಜನೆಗೆ ಎರಡು ತಿಂಗಳು ಇರುವಾಗ ತಂಗಿಯ ಬಲಗೈ ಮುಷ್ಕರ ಹೂಡಿತು. ನಡುವಿನ ಎರಡು ಬೆರಳು ಮಡಚಿದರೆ ಬಿಡಿಸಲು ಬರುವುದಿಲ್ಲ, ಎಡಗೈಯಲ್ಲಿ ಹಿಡಿದು ಎಳೆಯಬೇಕು, ಎಳೆದರೆ ಟಕ್ ಎಂದು ಸದ್ದು. ನಲವತ್ತು ವರ್ಷ ಕತ್ತರಿ ಹಿಡಿದ ಕೈ. ಡಾಕ್ಟರು ಕತ್ತರಿಯನ್ನೂ ಹಾರ್ಮೋನಿಯಂ ಅನ್ನೂ ಸದ್ಯಕ್ಕೆ ಮುಟ್ಟಬೇಡಿ ಎಂದರು. ಅವಳಿಗೆ ಅನ್ನ ಬೇಯಿಸಿ ಹಾಕಲು ನಾನು ಆಲೆಟ್ಟಿಯಿಂದ ಬಂದು ದರ್ಬೆಯಲ್ಲಿ ಕೂತೆ.

ಸುದ್ದಿ ಕೇಳಿ ದೊಡ್ಡಕ್ಕ ಫೋನ್ ಮಾಡಿದಳು. ಕಡಬದಲ್ಲಿ ಒಬ್ಬಳು ಚೆನ್ನಾಗಿ ಹಾರ್ಮೋನಿಯಂ ನುಡಿಸುತ್ತಾಳಂತೆ, ಈ ಸಲ ಅವಳನ್ನು ಕೂರಿಸುವ, ನೀನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟು ಎಂದಳು. ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಂಗಿ ಆಯ್ತು ಎಂದು ಫೋನ್ ಇಟ್ಟಳು. ಆಮೇಲೆ ಗೋಡೆ ಬದಿಯಲ್ಲಿದ್ದ ಹಾರ್ಮೋನಿಯಂ ಪೆಟ್ಟಿಗೆಯನ್ನು ನೋಡಿದಳು. ಮಡಚಿದ ಆ ಬೆರಳಲ್ಲಿ ಚಪ್ಪಾಳೆ ಹೇಗೆ ತಟ್ಟುವುದು ಎಂದು ನನಗೆ ಹೊಳೆದದ್ದು ಆಗ.

ಮಾರನೆಯ ದಿನ ಅಂಗಡಿಗೆ ಕೀಬೋರ್ಡಿನವರು ಬಂದರು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ನಡೆಸುವವರು ಅವರು, ಅವರ ತಂಡದ ಮಿಂಚುವ ಕೋಟುಗಳೆಲ್ಲ ಇವಳ ಕೈಯವೇ. ಇವಳ ಬೆರಳು ನೋಡಿ ಪಾಪ ಎಂದುಕೊಂಡು, ಅಟ್ಟದಲ್ಲಿ ಬಿದ್ದಿದ್ದ ತಮ್ಮ ಹಳೆಯ ಕೀಬೋರ್ಡ್ ತಂದು ಕೊಟ್ಟರು. ಅಕ್ಕ ಇದಕ್ಕೆ ಗಾಳಿ ಹಾಕುವ ಕೆಲಸ ಇಲ್ಲ, ಎಡಗೈಯಲ್ಲಿ ಮೆಲ್ಲ ಅಭ್ಯಾಸ ಮಾಡಿ ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಫೋನಿನಲ್ಲಿ ಒಂದು ಆ್ಯಪ್ ಉಂಟು, ಸೀಕ್ವೆನ್ಸರ್ ಎಂದು ಹೆಸರು, ಅದರಲ್ಲಿ ಹಾಡನ್ನು ಒಂದೊಂದೇ ಸ್ವರವಾಗಿ ನಿಧಾನಕ್ಕೆ ಕೂರಿಸಿಟ್ಟರೆ ಆಮೇಲೆ ಅದೇ ಕೀಬೋರ್ಡನ್ನು ನುಡಿಸುತ್ತದೆ, ನಡುವೆ ಮಿಡಿ ಎಂಬ ಒಂದು ವೈರ್ ಸಾಕು ಎಂದೂ ಹೇಳಿಬಿಟ್ಟರು!

ಹೇಳಿ ಅವರು ಕೋಟು ತೆಗೆದುಕೊಂಡು ಹೋದರು. ಅನುಭವಿಸಿದವಳು ನಾನು.

ಆ್ಯಪ್ ತೆರೆದರೆ ಪರದೆಯ ತುಂಬ ಚೌಕಗಳು. ನನಗೆ ಅದು ಬಾತ್‌ರೂಮಿನ ಗೋಡೆಯ ಹಾಗೆ ಕಂಡಿತು. ತಂಗಿಗೆ ಬಟ್ಟೆ ಕತ್ತರಿಸುವ ಮೊದಲು ಗೆರೆ ಎಳೆಯುವ ಕಾಗದದ ಹಾಗೆ ಕಂಡಿತು. ಎಡಗೈಯ ಒಂದು ಬೆರಳಲ್ಲಿ ಒಂದೊಂದೇ ಚೌಕ ಒತ್ತಿ, ಗಣಪತಿಯ ಹಾಡನ್ನು ಮೂರು ದಿನದಲ್ಲಿ ಕೂರಿಸಿದಳು. ಅಷ್ಟರಲ್ಲಿ ವೈರೂ ಬಂತು. ಒಂದು ತುದಿ ಫೋನಿಗೆ. ಇನ್ನೊಂದು ತುದಿಯಲ್ಲಿ ಎರಡು ಬಾಲ, ಬಾಲದ ತುದಿಗೆ ಐದೈದು ಕಡ್ಡಿಯ, ನಾಣ್ಯದ ಹಾಗೆ ಉರುಟು ಪ್ಲಗ್ಗು. ಕೀಬೋರ್ಡಿನ ಬೆನ್ನಲ್ಲಿ ಐದೈದು ತೂತಿನ ಎರಡು ಉರುಟು ಬಾಯಿ. ಬಾಲದ ಮೇಲೂ ಇನ್, ಔಟ್ ಎಂದು ಬರೆದಿತ್ತು, ಬಾಯಿಯ ಮೇಲೂ ಹಾಗೇ ಬರೆದಿತ್ತು.

ಟೈಲರಿಗೆ ಇದರಲ್ಲಿ ಯೋಚನೆ ಮಾಡಲು ಏನುಂಟು? ಬಲದ ತೋಳನ್ನು ಬಲಕ್ಕೆ ಹೊಲಿಯುವುದು, ಎಡದ್ದನ್ನು ಎಡಕ್ಕೆ. ಇನ್ ಎಂದು ಬರೆದದ್ದನ್ನು ಇನ್‌ಗೆ ಸಿಕ್ಕಿಸಿದಳು, ಔಟನ್ನು ಔಟಿಗೆ. ಫೋನ್ ಒತ್ತಿದಳು. ಫೋನಿನಲ್ಲಿ ಗೆರೆ ಓಡಿತು. ಕೀಬೋರ್ಡ್ ಕಮಕ್ ಕಿಮಕ್ ಎನ್ನಲಿಲ್ಲ. ಎರಡು ದಿನ ಹೀಗೇ. ಎರಡನೆಯ ದಿನ ಸಂಜೆ ಕೀಬೋರ್ಡಿನವರಿಗೆ ಫೋನ್ ಮಾಡಿದಾಗ ಅವರು ನಕ್ಕದ್ದು ಅಡುಗೆ ಒಲೆಯ ಹತ್ತಿರ ನನಗೂ ಕೇಳಿತು.

“ಅಕ್ಕ, ನೀವು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೀರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳ್ಬೇಕಲ್ಲ. ಇದರ ಬಾಯಿಯನ್ನು ಅದರ ಕಿವಿಗೆ ಕೊಡಿ.”

ನನಗೆ ಆಗಲೇ ಈ ಮಿಡಿಯ ಮೇಲೆ ಸ್ವಲ್ಪ ಗೌರವ ಬಂದದ್ದು. ನಮ್ಮ ಮನೆಯಲ್ಲಿ ಅತ್ತೆಯೂ ನಾನೂ ಇಪ್ಪತ್ತು ವರ್ಷ ಬಾಯಿಗೆ ಬಾಯಿ ಕಟ್ಟಿಕೊಂಡೇ ಇದ್ದೆವು. ಯಾರಾದರೂ ಬಂದು ವೈರ್ ಬದಲಾಯಿಸಬಹುದಿತ್ತು.

ಬದಲಾಯಿಸಿದ್ದೇ ಕೀಬೋರ್ಡ್ ನುಡಿಯಿತು. ಕೀಗಳ ಮೇಲೆ ಯಾರೂ ಇಲ್ಲ, ಒಂದು ಕೀಯೂ ತಗ್ಗುವುದಿಲ್ಲ, ಒಳಗಿಂದ ಹಾರ್ಮೋನಿಯಂ ಬರುತ್ತದೆ. ನಾನು ಸೌಟು ಹಿಡಿದುಕೊಂಡೇ ಬಂದು ವೈರಿಗೆ ಕಿವಿ ಇಟ್ಟು ನೋಡಿದೆ. ಸದ್ದು ಇದರೊಳಗೆ ಹೋಗುತ್ತದೆ ಎಂದಾದರೆ ಸ್ವಲ್ಪವಾದರೂ ಕೇಳಬೇಡವೇ? ಏನೂ ಇಲ್ಲ. ಸದ್ದು ಎಲ್ಲಿ ಎಂದು ಕೇಳಿದೆ.

“ಇದರಲ್ಲಿ ಸದ್ದು ಹೋಗುದಿಲ್ಲ ಅಕ್ಕ. ಅಳತೆ ಚೀಟಿ ಹೋಗುದು. ಇಂಥ ಕೀ ಒತ್ತು, ಇಷ್ಟು ಗಟ್ಟಿ ಒತ್ತು, ಈಗ ಬಿಡು. ಅಷ್ಟೇ. ಬಟ್ಟೆ ಅಲ್ಲಿಯದ್ದು.”

ಒಂದೇ ಅಳತೆ ಚೀಟಿಯಲ್ಲಿ ರೇಷ್ಮೆ ರವಿಕೆಯೂ ಹೊಲಿಯಬಹುದು, ವಾಯಿಲ್‌ದ್ದೂ ಹೊಲಿಯಬಹುದು. ಹಾಗೆಯೇ ಒಂದೇ ಹಾಡನ್ನು ಹಾರ್ಮೋನಿಯಂನಲ್ಲೂ ಕೇಳಿಸಿದಳು, ಕೊಳಲಿನಲ್ಲೂ ಪಿಟೀಲಿನಲ್ಲೂ ಕೇಳಿಸಿದಳು. ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನು ಐದನೇ ಕ್ಲಾಸಿಗೂ ಹೋಗುತ್ತಿದ್ದೆನೋ ಏನೋ.

ಇನ್ನು ಅವಳನ್ನು ಹಿಡಿಯುವವರು ಯಾರು? ಕಣ್ಣಿಗೆ ಕಂಡದ್ದಕ್ಕೆಲ್ಲ ಐದು ತೂತು ಉಂಟಾ ಎಂದು ತಿರುಗಿಸಿ ನೋಡತೊಡಗಿದಳು. ಶ್ರುತಿ ಪೆಟ್ಟಿಗೆಗೆ ತೂತಿಲ್ಲ. ಟಿವಿಗೆ ಬೇರೆ ತೂತು. ಮಿಕ್ಸಿಯನ್ನು ಮಗುಚಿ ಹಾಕುವಾಗ ನಾನು ಚಟ್ನಿ ಬೇಕಾದರೆ ಇಲ್ಲಿಗೇ ನಿಲ್ಲಿಸು ಎಂದೆ. ಆಗ ಅವಳಿಗೆ ಆಲೆಟ್ಟಿಯಲ್ಲಿದ್ದ, ನನ್ನ ಗಂಡನ ಹಳೆಯ ಟೇಪ್‌ರೆಕಾರ್ಡರಿನ ನೆನಪಾಯಿತು. ಅದರ ಬೆನ್ನಲ್ಲಿ ಐದು ತೂತಿನ ಉರುಟು ಬಾಯಿ ಇದ್ದದ್ದು ಹೌದು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಭಾರ ಎಂದು. ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಸುಳ್ಯದಿಂದ ಪುತ್ತೂರಿಗೆ ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಅಕ್ವೇರಿಯಮ್ಮಾ ಎಂದು ಕೇಳಿದಳು.

ಪ್ಲಗ್ಗು ಸರಿಯಾಗಿ ಕೂತಿತು. ಹೊಲಿಸಿದ ಹಾಗೆ ಕೂತಿತು. ಏನೂ ಆಗಲಿಲ್ಲ. ಕೀಬೋರ್ಡಿನವರನ್ನು ಕೇಳಿದರೆ, ಅಯ್ಯೋ ಅಕ್ಕ ತೂತು ಒಂದೇ, ಕೆಲಸ ಬೇರೆ, ಅದರಲ್ಲಿ ಸದ್ದು ಹೋಗುದು, ಇದರಲ್ಲಿ ಅಪ್ಪಣೆ ಹೋಗುದು ಎಂದರು. ಅಪ್ಪಣೆ ಕೇಳದೆ ಬರೀ ಸದ್ದು ಮಾಡುವುದು ನನ್ನ ಗಂಡನ ಕಡೆಯ ವಸ್ತುವಿಗೆ ಹೊಸತೇನಲ್ಲ. ಅದನ್ನು ಸೂಜಿ ದಾರದ ಡಬ್ಬಿ ಇಡುವ ಮಣೆ ಮಾಡಿದೆವು.

ಆ ವಾರವೇ ಶಿಳ್ಳೆಯ ಪ್ರಸಂಗವೂ ನಡೆದದ್ದು. ಈ ಮಿಡಿಯ ಒಂದೇ ವೈರಿನಲ್ಲಿ ಹದಿನಾರು ದಾರಿಗಳುಂಟು. ಒಂದು ಮನೆಯಲ್ಲಿ ಹದಿನಾರು ಸೊಸೆಯಂದಿರು ಇದ್ದ ಹಾಗೆ. ಯಾರ ನಂಬರ್ ಕರೆದರೆ ಅವರೇ ಓ ಎನ್ನುವುದು, ಉಳಿದವರು ತಮ್ಮಷ್ಟಕ್ಕೆ ಇರುವುದು. ಅದರಲ್ಲಿ ಹತ್ತನೆಯವಳು ಮಾತ್ರ ಬೇರೆ ಜಾತಕದವಳು. ಅವಳಿಗೆ ಯಾವ ಸ್ವರ ಕೊಟ್ಟರೂ ಬಡಿಯುವ ಸದ್ದೇ ಮಾಡುವುದು, ಡೋಲು, ಗಂಟೆ, ಕಟ್ಟಿಗೆ ಹೀಗೆ. ಇದು ನಮಗೇನು ಗೊತ್ತು? ಹತ್ತು ಒಳ್ಳೆಯ ಸಂಖ್ಯೆ ಎಂದು ತಂಗಿ ದೇವಿಯ ಹಾಡನ್ನು ಅಲ್ಲಿಗೇ ಕಳುಹಿಸಿದಳು.

ಬೆಳಗ್ಗೆ ಒಂಬತ್ತೂವರೆ. ರಸ್ತೆ ತುಂಬ ಜನ. ಹಾಡಿನ ಮೊದಲ ಸಾಲು ಡಬಡಬ ಎಂದು ಡೋಲಾಗಿ ಬಂತು. ಎರಡನೆಯ ಸಾಲಿಗೆ ಗಂಟೆ ಬಡಿಯಿತು. ಸ್ವರ ಮೇಲೇರಿ, ಇನ್ನು ದೇವಿಯ ಹೆಸರು ಬರಬೇಕು ಎನ್ನುವ ಜಾಗದಲ್ಲಿ ಪೀ ಎಂದು ಉದ್ದ ಶಿಳ್ಳೆ! ಕಂಡಕ್ಟರನ ಶಿಳ್ಳೆಗೂ ಅದಕ್ಕೂ ಒಂದು ಕೂದಲಿನ ವ್ಯತ್ಯಾಸವಿಲ್ಲ. ಹೊರಗೆ ಬಸ್‌ಸ್ಟಾಪಿನಲ್ಲಿ ಹತ್ತುವವರು ಇನ್ನೂ ಹತ್ತುತ್ತಿರುವಾಗಲೇ ಬಸ್ಸು ಹೊರಟಿತು. ಕಂಡಕ್ಟರ್ ಹಿಂದೆ ಓಡಿದ. ಬಸ್ಸು ನಿಲ್ಲಿಸಿ ವಾಪಸ್ ಬಂದು, ಶಿಳ್ಳೆ ಹಾಕಿದವರು ಯಾರು ಎಂದು ನಮ್ಮ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದ. ಒಳಗೆ ಕಂಡದ್ದು ಇಬ್ಬರು ಮುದುಕಿಯರು. ಪಾಪ, ತಾನೇ ತಪ್ಪು ಕೇಳಿದೆ ಎಂದು ಕಿವಿಯಲ್ಲಿ ಬೆರಳು ತಿರುಗಿಸಿಕೊಂಡು ಹೋದ.

ಮೂರನೆಯದ್ದು ಅಂಟಿಕೊಂಡ ಸ್ವರ. ಇದು ನನಗೆ ಎಲ್ಲಕ್ಕಿಂತ ವಿಚಿತ್ರ ಕಂಡ ವಿಷಯ. ಹಾಡು ನುಡಿಯುತ್ತಿರುವಾಗ ಮಧ್ಯದಲ್ಲಿ ನನ್ನ ಕಾಲು ವೈರಿಗೆ ಸಿಕ್ಕಿ ಪ್ಲಗ್ಗು ಕಿತ್ತು ಬಂತು. ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಆ ಕ್ಷಣದಲ್ಲಿ ಯಾವ ಸ್ವರ ಇತ್ತೋ ಅದೇ ಸ್ವರ ಊಂ ಎಂದು ಹಿಡಿದುಕೊಂಡಿತು. ಐದು ನಿಮಿಷ ಆಯಿತು, ಹತ್ತು ಆಯಿತು, ನನ್ನ ಅನ್ನ ಬೆಂದಿತು, ಅದು ಊಂ ಎನ್ನುತ್ತಲೇ ಉಂಟು. ಒಬ್ಬರು ರವಿಕೆಗೆ ಅಳತೆ ಕೊಡಲು ಬಂದರು, ಅಳತೆ ಕೊಟ್ಟು, ಹುಕ್ಕು ಹಿಂದೆ ಬೇಕಾ ಮುಂದೆ ಬೇಕಾ ಎಂದು ಚರ್ಚೆ ಮಾಡಿ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಶುರುವಾಯಿತಾ ಎಂದು ಕೇಳಿ ಹೋದರು.

ಕಾರಣ ಇಷ್ಟು. ಒತ್ತು ಎಂಬುದು ಒಂದು ಅಪ್ಪಣೆ, ಬಿಡು ಎಂಬುದು ಬೇರೆಯೇ ಅಪ್ಪಣೆ. ಒತ್ತು ಎಂದದ್ದು ತಲುಪಿತ್ತು. ಬಿಡು ಎನ್ನುವ ಮೊದಲು ನಾನು ವೈರ್ ಕಿತ್ತೆ. ಹೇಳದೆ ಬಿಡುವುದು ಅದರ ಮರ್ಯಾದೆಯಲ್ಲಿ ಇಲ್ಲ. ಕೊನೆಗೆ ಸ್ವಿಚ್ ಆಫ್ ಮಾಡಿ ಬಾಯಿ ಮುಚ್ಚಿಸಬೇಕಾಯಿತು.

ಹೀಗೆ ಐದು ವಾರದಲ್ಲಿ ಹನ್ನೊಂದು ಹಾಡು ಕೂತವು. ತಂಗಿ ದೊಡ್ಡಕ್ಕನಿಗೆ ಫೋನ್ ಮಾಡಿ, ಹಾರ್ಮೋನಿಯಂ ನನ್ನದೇ, ಬೇರೆಯವರು ಬೇಡ ಎಂದಳು. ಆದಿತ್ಯವಾರ ಎಲ್ಲರೂ ಅಂಗಡಿಗೆ ಬಂದರು, ಅಭ್ಯಾಸಕ್ಕೆ. ಕತ್ತರಿಸುವ ಮೇಜಿನ ಸುತ್ತ ಹನ್ನೆರಡು ಹೆಂಗಸರು, ತೂಗಾಡುವ ಲಂಗಗಳ ಕೆಳಗೆ.

ತಂಗಿ ಫೋನ್ ಒತ್ತಿದಳು. ಹಾರ್ಮೋನಿಯಂ ಶುರುವಾಯಿತು. ನಾವೂ ಶುರು ಮಾಡಿದೆವು. ಎರಡನೆಯ ಸಾಲಿಗೆ ಅದು ಮುಂದೆ, ನಾವು ಹಿಂದೆ. ನಾಲ್ಕನೆಯ ಸಾಲಿಗೆ ಅದು ದೇವರ ಪಾದ ಮುಟ್ಟಿ ವಾಪಸ್ ಬರುತ್ತಿತ್ತು, ನಾವು ಇನ್ನೂ ಮೆಟ್ಟಿಲು ಹತ್ತುತ್ತಿದ್ದೆವು. ಕಡಬದ ಕಡೆಯ ಒಬ್ಬಳಿಗೆ ಕೆಮ್ಮು ಬಂತು. ಮನುಷ್ಯರಾದರೆ ಕಾಯುತ್ತಾರೆ, ಅದು ಕಾಯುತ್ತದಾ? ವೇಗ ಕಡಿಮೆ ಮಾಡಿ ನೋಡಿದಳು. ಆಗ ಸಾಲಿನ ನಡುವೆ ನಾವು ಮುಂದೆ, ಕೊನೆಗೆ ಬರುವಾಗ ಪುನಃ ಅದೇ ಮುಂದೆ. ದೊಡ್ಡಕ್ಕ ಕನ್ನಡಕ ತೆಗೆದಳು. ಅವಳು ಕನ್ನಡಕ ತೆಗೆದರೆ ಫೇಲ್ ಎಂದು ಅರ್ಥ.

“ಇದು ಆಗುವ ಕೆಲಸ ಅಲ್ಲ ಮಾರಾಯ್ತಿ,” ಎಂದಳು. “ನಾನು ಕಡಬದ ಹಾರ್ಮೋನಿಯಂನವಳಿಗೆ ಹೇಳಿ ಆಯ್ತು. ಇದ್ದದ್ದರಲ್ಲಿ ಮರ್ಯಾದೆಯಲ್ಲಿ ಹಾಡಿ ಬರುವ.”

ತಂಗಿ ಎದ್ದು ಒಲೆ ಹಚ್ಚಿದಳು. ಎಲ್ಲರಿಗೂ ಚಹಾ ಕೊಟ್ಟಳು. ಎಡಗೈಯಲ್ಲಿ ಕೊಟ್ಟದ್ದಕ್ಕೆ ಬೇಜಾರು ಮಾಡ್ಬೇಡಿ ಎಂದಳು. ಅವರು ಹೋದ ಮೇಲೆ ಮೇಜಿನ ಮೇಲೆ ಫೋನ್ ಮಗುಚಿಟ್ಟು, ತುಂಬ ದಿನದಿಂದ ಮುಟ್ಟದ ಕತ್ತರಿಯನ್ನು ತೆಗೆದು ಬಲಗೈಗೆ ಹಾಕಿ ನೋಡಿದಳು. ಬೆರಳು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ನಾನು ಎಣ್ಣೆ ಹಾಕಿ ಬಿಡಿಸಿದೆ.

ಎರಡು ದಿನ ಕಳೆದು ಕೀಬೋರ್ಡಿನವರಿಂದ ಇನ್ನೊಂದು ವಸ್ತು ತರಿಸಿದಳು. ರಬ್ಬರ್ ಹಾಕಿದ ಮಣೆಯ ಹಾಗೆ ಉಂಟು, ಪ್ಯಾಡ್ ಎನ್ನುತ್ತಾರೆ, ಬಡಿದರೆ ಅದೂ ಮಿಡಿಯಲ್ಲಿ ಅಪ್ಪಣೆ ಕಳುಹಿಸುತ್ತದೆ. ಅದನ್ನು ನನ್ನ ಮಡಿಲಿಗೆ ಇಟ್ಟು, ತಾಳ ಹಾಕುವ ಹಾಗೆ ಇದಕ್ಕೆ ಬಡಿ ಎಂದಳು. ಯಾಕೆ ಎಂದು ಕೇಳಿದೆ. ಬಡಿ ಎಂದಳು. ಬಾಯಲ್ಲಿ ಹಾಡು ಹೇಳಿಕೊಂಡು ಬಡಿದೆ. ಪೆಟ್ಟುಗಳೆಲ್ಲ ಫೋನಿನಲ್ಲಿ ಸಣ್ಣ ಸಣ್ಣ ಗೆರೆಗಳಾಗಿ ಬಿದ್ದವು. ಅವಳು ಅದನ್ನು ಬೆರಳಲ್ಲಿ ದೊಡ್ಡದು ಮಾಡಿ, ಬಟ್ಟೆಯ ನೇಯ್ಗೆ ನೋಡುವವಳ ಹಾಗೆ ತುಂಬ ಹೊತ್ತು ನೋಡಿದಳು. ಇನ್ನೊಂದು ಹಾಡು ಎಂದಳು. ಮತ್ತೊಂದು ಎಂದಳು. ಹನ್ನೊಂದು ಹಾಡಿಗೂ ಬಡಿಸಿದಳು. ನನ್ನ ಅಂಗೈ ದೋಸೆಕಲ್ಲಾಯಿತು.

ಆಮೇಲೆ ಅವಳು ಮಾಡಿದ ಏರ್ಪಾಡು ಇದು. ಇಷ್ಟು ದಿನ ಆ್ಯಪ್ ತನ್ನದೇ ಗಡಿಯಾರದಲ್ಲಿ ಓಡುತ್ತಿತ್ತು, ಉಳಿದವರು ಅದರ ಹಿಂದೆ ಓಡಬೇಕಿತ್ತು. ಈಗ ಅದರ ಗಡಿಯಾರ ಕಿತ್ತುಹಾಕಿದಳು. ಪ್ಯಾಡಿಗೆ ನಾನು ಒಂದು ಪೆಟ್ಟು ಕೊಟ್ಟರೆ ಹಾಡು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಡದಿದ್ದರೆ ಅಲ್ಲೇ ಸ್ವರ ಹಿಡಿದುಕೊಂಡು ಕಾಯುತ್ತದೆ. ಅದೇ ಪೆಟ್ಟು ಹತ್ತನೇ ಸೊಸೆಗೂ ಹೋಗಿ ತಾಳದ ಸದ್ದು ಮಾಡುತ್ತದೆ. ಎಲ್ಲರಿಗೂ ಗಡಿಯಾರ ನಾನೇ! ನನಗೆ ಗಡಿಯಾರ ನೋಡಲು ಕಲಿಸಿದ್ದು ಮದುವೆಯಾದ ಮೇಲೆ ನನ್ನ ಮೈದುನ, ಅದನ್ನು ಹೇಳಿದೆ. ದೊಡ್ಡಕ್ಕನಿಗೆ ನನ್ನ ತಾಳದ ಬಗ್ಗೆ ಎಂಥ ಅಭಿಪ್ರಾಯ ಉಂಟೆಂದೂ ನೆನಪಿಸಿದೆ. ಅರವತ್ತು ದಾಟದ ಆ ಮಕ್ಕಳಲ್ಲಿ ಒಬ್ಬಳಿಗೆ ಕೊಡು, ಅವಳು ಸಾಲಿನ ಕೊನೆಗೆ ತಡ ಮಾಡುವುದಿಲ್ಲ ಎಂದೆ.

“ಬೇರೆಯವರದ್ದು ಆಗುದಿಲ್ಲ,” ಎಂದಳು. ಅಷ್ಟೇ. ಕಾರಣ ಹೇಳಲಿಲ್ಲ.

ಭಜನೆಯ ದಿನ ನಾವು ಕೀಬೋರ್ಡ್, ಪ್ಯಾಡ್ ಎಲ್ಲ ಹೊತ್ತುಕೊಂಡೇ ಮಂದಿರಕ್ಕೆ ಹೋದೆವು. ಕಡಬದ ಹಾರ್ಮೋನಿಯಂನವಳೂ ಬಂದಿದ್ದಳು. ಸಾಧು ಹುಡುಗಿ, ಕರೆದಲ್ಲಿಗೆ ಬಂದವಳು. ದೊಡ್ಡಕ್ಕ ಅವಳನ್ನು ಪೆಟ್ಟಿಗೆ ಸಮೇತ ತಂಗಿಯ ಪಕ್ಕದಲ್ಲೇ ಕೂರಿಸಿದಳು. ಒಂದು ಹಾಡು ನೋಡುತ್ತೇನೆ, ಹಾಳಾದರೆ ಎರಡನೆಯದ್ದರಿಂದ ಇವಳು ನುಡಿಸುತ್ತಾಳೆ, ನೀನು ಸುಮ್ಮನೆ ಹಿಂದೆ ಹೋಗಬೇಕು ಎಂದು ತಂಗಿಯ ಕಿವಿಯಲ್ಲಿ ಹೇಳಿದಳು. ನನಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು.

ತಂಗಿ ವೈರುಗಳನ್ನು ನೋಡಿದಳು. ಇದರ ಬಾಯಿ ಅದರ ಕಿವಿಗೆ. ನನ್ನ ಕಡೆ ನೋಡಿದಳು. ನಾನು ಬಡಿದೆ.

ಹಾರ್ಮೋನಿಯಂ ಬಂತು. ತಂಗಿ ಮೊದಲ ಸಾಲು ಹೇಳಿದಳು. ನನ್ನ ಕೈ ತನ್ನಷ್ಟಕ್ಕೆ ಹೋಯಿತು, ಹಾಡು ಅದರ ಹಿಂದೆ ಬಂತು. ಸಾಲು ಮುಗಿಯುವಾಗ ನಾನು ಒಂದು ಚೂರು ನಿಂತೆನೋ ಏನೋ, ನನಗೆ ಗೊತ್ತಾಗಲಿಲ್ಲ, ಹಾರ್ಮೋನಿಯಂ ನಿಂತಿತು. ಹನ್ನೊಂದು ಹೆಂಗಸರು ಉಸಿರು ತೆಗೆದದ್ದು ಒಟ್ಟಿಗೆ ಕೇಳಿತು. ಮತ್ತೆ ಹೊರಟೆವು. ಎರಡನೆಯ ಹಾಡಿಗೆ ದೊಡ್ಡಕ್ಕ ಕಡಬದವಳ ಕಡೆ ತಿರುಗಲಿಲ್ಲ. ಮೂರನೆಯದಕ್ಕೆ ನಾವು ಸಾಲಾಗಿ ಕೂತಿದ್ದೇವಾ ಎಂದು ನೋಡುವುದನ್ನೇ ಬಿಟ್ಟಳು. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಹನ್ನೆರಡು ಗಂಟೆಗೆ ಮುಂದಿನ ತಂಡ ಇನ್ನೂ ಅಂಗಳದಲ್ಲಿ ಚಪ್ಪಲಿ ಬಿಡುತ್ತಿತ್ತು. ನಮ್ಮ ಹನ್ನೊಂದೂ ಹಾಡು ಮುಗಿದಿತ್ತು. ಸದ್ದು ಕಡಿಯಬಾರದು. ದೊಡ್ಡಕ್ಕ ದೇವರ ಹೆಸರು ಹಿಡಿದಳು, ಉಳಿದವರೂ ಹಿಡಿದರು, ಆದರೆ ಶ್ರುತಿ ಇಲ್ಲದೆ ಒಬ್ಬೊಬ್ಬರು ಒಂದೊಂದು ಕಡೆ ಹೊರಟರು. ತಂಗಿ ಕೊನೆಯ ಚೌಕವನ್ನು ಇನ್ನೊಮ್ಮೆ ಒತ್ತಿ, ಸ್ವರ ಬಂದದ್ದೇ ವೈರನ್ನು ಎಳೆದು ಕಿತ್ತಳು! ಊಂ ಎಂದು ಷಡ್ಜ ನಿಂತಿತು. ಮುಂದಿನವರು ಬಂದು, ಕೂತು, ನೀರು ಕುಡಿದು, ತಮ್ಮ ಹಾರ್ಮೋನಿಯಂ ಅದಕ್ಕೇ ಸೇರಿಸುವ ತನಕ ನಿಂತೇ ಇತ್ತು. ಆಮೇಲೆ ಮೆಲ್ಲಗೆ ಸದ್ದು ಇಳಿಸಿದಳು. ಇದೆಲ್ಲ ಮೊದಲೇ ಲೆಕ್ಕ ಹಾಕಿ ಮಾಡಿದ್ದು ಎಂದು ಊರವರು ಈಗಲೂ ನಂಬಿದ್ದಾರೆ.

ಊಟಕ್ಕೆ ಕೂತೆವು. ಅವಳ ಎಲೆಯಲ್ಲಿ ಅನ್ನ ಸಾರು ಕಲಸಿ ಚಮಚ ಇಟ್ಟೆ. ಆ ಕಡೆಯಿಂದ ದೊಡ್ಡಕ್ಕ ಬಂದಳು. ತಂಗಿಗೆ ಮುಂದಿನ ವರ್ಷವೂ ನೀನೇ ಎಂದಳು. ನನಗೆ, ನಿನ್ನ ತಾಳ ಸಾಲಿನ ಕೊನೆಗೆ ತಡ ಆಗ್ತದೆ ಎಂದು ಹೇಳಿ ಹೋದಳು. ಇವತ್ತೂ ಬಿಡಲಿಲ್ಲ ನೋಡು ಎಂದು ನಾನು ತಂಗಿಗೆ ಹೇಳಿದೆ.

ಅವಳು ಫೋನ್ ತೆಗೆದು ಎಲೆಯ ಪಕ್ಕ ಇಟ್ಟಳು. ಅಂಗಡಿಯಲ್ಲಿ ಆ ದಿನ ನಾನು ಬಡಿದ ಗೆರೆಗಳು. “ದೊಡ್ಡಕ್ಕ ಹೇಳುದು ಹೌದು. ಪ್ರತಿ ಸಾಲಿನ ಕೊನೆಗೂ ಇಷ್ಟು ಜಾಗ ಬಿಡ್ತಿ. ಹನ್ನೊಂದು ಹಾಡಿನಲ್ಲೂ ಇಷ್ಟೇ. ಇದನ್ನು ನೇರ ಮಾಡುವ ಬಟನ್ ಉಂಟು. ಒಂದು ಸಲ ಒತ್ತಿದೆ. ಕೇಳಿದೆ. ವಾಪಸ್ ಮೊದಲಿನ ಹಾಗೇ ಮಾಡಿದೆ.”

ಮುದುಕಿಯ ಕೈ ಅಲ್ವಾ, ನಿಧಾನ ಎಂದೆ.

“ಮುದುಕಿಯ ಕೈ ಅಲ್ಲ. ನನಗೆ ಸಣ್ಣದಿರುವಾಗ ದಮ್ಮು ಇತ್ತಲ್ಲ ಅಕ್ಕ.”

ದಮ್ಮು ಇತ್ತು. ನಾನು ಮರೆತೇ ಬಿಟ್ಟಿದ್ದೆ. ದಿನಾ ಸಂಜೆ ದೀಪದ ಮುಂದೆ ಭಜನೆ, ಮಧ್ಯದಲ್ಲಿ ನಿಲ್ಲಿಸಿದರೆ ಅಪ್ಪನಿಗೆ ಆಗುತ್ತಿರಲಿಲ್ಲ. ಐದಾರು ವರ್ಷದ ಅವಳು ಸಾಲು ಮುಗಿಯುವಾಗ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ತಾಳ ನನ್ನ ಕೈಯಲ್ಲಿ ಇತ್ತು. ತಾಳ ಬೀಳದೆ ಯಾರೂ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ನಾನು ಅವಳ ಮುಖ ನೋಡಿಕೊಂಡು, ಉಸಿರು ಒಳಗೆ ಹೋದ ಮೇಲೆ ಬಡಿಯುತ್ತಿದ್ದೆ. ಹನ್ನೆರಡು ವರ್ಷಕ್ಕೆ ದಮ್ಮು ಬಿಟ್ಟಿತು. ನನ್ನ ಕೈಗೆ ಬಿಡು ಎಂದು ಯಾರೂ ಹೇಳಿರಲಿಲ್ಲ.

ಈಗ ಹೇಳಬೇಕಾ ಎನ್ನುವ ಹಾಗೆ ಅವಳು ನನ್ನ ಮುಖ ನೋಡಿದಳು.

ಫೋನ್ ಅತ್ತ ಇಡು, ಅನ್ನ ತಣಿಯುತ್ತದೆ ಎಂದೆ.